ಮೆಕ್ಸಿಕೊ ಪಾಸು, ಕೊಲಂಬಿಯಾ ಫೇಲು

ಡ್ರಗ್ಸ್ ತಡೆಯುವುದರಲ್ಲಿ ಯಾವ ದೇಶ ಮನಸ್ಸಿಟ್ಟು ಸಹಕರಿಸುತ್ತಿದೆ ಎಂದು ಅಮೆರಿಕ ವರ್ಷಕ್ಕೊಮ್ಮೆ ತೀರ್ಪು ಕೊಡುತ್ತದೆ. 1986ರ ಅಲ್ಲಿನ ಕಾನೂನು ಇದಕ್ಕೆ ಆಧಾರ. ಮಾದಕ ವಸ್ತು ತಯಾರಾಗುವ, ಸಾಗಿ ಹೋಗುವ ದೇಶಗಳ ಪಟ್ಟಿ ಮಾಡಿ ಒಂದೊಂದಕ್ಕೂ ಅಧ್ಯಕ್ಷರು ಪ್ರಮಾಣಪತ್ರ ಕೊಡಬೇಕು, ಇಲ್ಲವೇ ನಿರಾಕರಿಸಬೇಕು ಎಂಬುದು ಮೊದಲಿನ ನಿಯಮ. ನಿರಾಕರಿಸಿದರೆ ಬಹುಪಾಲು ನೆರವು ನಿಲ್ಲುತ್ತದೆ. ಆ ದೇಶ ವಿಶ್ವಬ್ಯಾಂಕಿನಲ್ಲಿ ಸಾಲ ಕೇಳಿದರೆ ಅಮೆರಿಕ ವಿರುದ್ಧ ಮತ ಹಾಕುತ್ತದೆ. ಪಟ್ಟಿಯಲ್ಲಿ ಭಾರತದ ಹೆಸರೂ ಇದೆ, ಆದರೆ ಹೆಸರಿದ್ದ ಮಾತ್ರಕ್ಕೆ ಶಿಕ್ಷೆಯಿಲ್ಲ.

ಈ ತೀರ್ಪು ಹೇಗೆ ತೂಗುತ್ತದೆ ಎಂದು ತಿಳಿಯಲು 1997ನ್ನು ನೋಡಬೇಕು. ಮೆಕ್ಸಿಕೊದ ಮಾದಕ ವಸ್ತು ನಿಗ್ರಹ ಸಂಸ್ಥೆಗೆ ಹಿಂದಿನ ಡಿಸೆಂಬರಿನಲ್ಲಷ್ಟೇ ಜನರಲ್ ಹೆಸೂಸ್ ಗುಟಿಯೆರೆಸ್ ರೆಬೊಯೊ ಮುಖ್ಯಸ್ಥರಾಗಿದ್ದರು. ಅಮೆರಿಕದ ಮಾದಕ ವಸ್ತು ನೀತಿಯ ಹೊಣೆ ಹೊತ್ತಿದ್ದ ಬ್ಯಾರಿ ಮೆಕ್ಯಾಫ್ರಿ ಈ ಜನರಲ್‌ರ ಪ್ರಾಮಾಣಿಕತೆಯನ್ನು ಎಲ್ಲರೆದುರು ಹೊಗಳಿದ್ದರು. ಫೆಬ್ರುವರಿಯಲ್ಲಿ ಜನರಲ್ ಜೈಲಿನಲ್ಲಿದ್ದರು. ಅವರ ಸಂಬಳಕ್ಕೆ ಎಟುಕದ ದುಬಾರಿ ಅಪಾರ್ಟ್‌ಮೆಂಟೊಂದು ಅನುಮಾನ ಹುಟ್ಟಿಸಿತ್ತು. ಹ್ವಾರೆಸ್ ಕಾರ್ಟೆಲ್‌ನ ದೊರೆ ಅಮಾಡೊ ಕರಿಯೊ ಫುಯೆಂತೆಸ್‌ನನ್ನು ಕಾಯುತ್ತಿದ್ದರು ಎಂಬುದು ಅವರ ಮೇಲಿನ ಆರೋಪ. ಈ ಸುದ್ದಿ ಹೊರಬಿದ್ದ ಹತ್ತು ದಿನಕ್ಕೆ, ಫೆಬ್ರುವರಿ 28ರಂದು, ಅಧ್ಯಕ್ಷ ಕ್ಲಿಂಟನ್ ಮೆಕ್ಸಿಕೊಗೆ ಪ್ರಮಾಣಪತ್ರ ಕೊಟ್ಟರು. ಅದೇ ದಿನ ಕೊಲಂಬಿಯಾಕ್ಕೆ ಸತತ ಎರಡನೇ ವರ್ಷವೂ ಇಲ್ಲವೆಂದರು.

ಕೊಲಂಬಿಯಾದ ಮೇಲಿನ ದೂರಿನಲ್ಲಿ ಹುರುಳಿತ್ತು. ಅಧ್ಯಕ್ಷ ಎರ್ನೆಸ್ಟೊ ಸ್ಯಾಂಪರ್ ಅವರ 1994ರ ಚುನಾವಣೆಗೆ ಕಾಲಿ ಕಾರ್ಟೆಲ್‌ನ ದುಡ್ಡು ಹರಿದಿತ್ತು. 1996ರಲ್ಲಿ ಅಮೆರಿಕ ಅವರ ವೀಸಾವನ್ನೇ ರದ್ದು ಮಾಡಿತು. ಆದರೆ ಅದೇ ಕಾರ್ಟೆಲ್‌ನ ಮುಖಂಡರು 1995ರಲ್ಲಿ ಸಿಕ್ಕಿಬಿದ್ದದ್ದು ಸ್ಯಾಂಪರ್ ಆಡಳಿತದಲ್ಲೇ. ಅಲ್ಲಿನ ಪೊಲೀಸ್ ಮುಖ್ಯಸ್ಥ ರೊಸ್ಸೊ ಹೊಸೆ ಸೆರ್ರಾನೊ ಅವರ ಮೇಲೆ ಅಮೆರಿಕದ ಅಧಿಕಾರಿಗಳಿಗೂ ಬಹಳ ನಂಬಿಕೆಯಿತ್ತು.

ವ್ಯತ್ಯಾಸ ಡ್ರಗ್ಸ್‌ನಲ್ಲಿ ಇರಲಿಲ್ಲ. ಮೆಕ್ಸಿಕೊ ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ಗಡಿ ಹಂಚಿಕೊಂಡ ನೆರೆಯ ದೇಶ, 1994ರಿಂದ ನಾಫ್ಟಾ ವ್ಯಾಪಾರ ಒಪ್ಪಂದದ ಪಾಲುದಾರನೂ ಆಗಿತ್ತು. 1994ರ ಕೊನೆಯಲ್ಲಿ ಪೆಸೊ ಕುಸಿದಾಗ ಅದನ್ನು ಎತ್ತಲು ಕ್ಲಿಂಟನ್ ಸರ್ಕಾರವೇ 2,000 ಕೋಟಿ ಡಾಲರ್‌ವರೆಗೆ ನೆರವು ಮುಂದಿಟ್ಟಿತ್ತು. ಅಂಥವರನ್ನು ಫೇಲು ಮಾಡಿದರೆ ತಮಗೇ ನಷ್ಟ. ಮೆಕ್ಸಿಕೊವನ್ನೂ ದಂಡಿಸಬೇಕಿತ್ತು ಎಂದು ನಾನು ವಾದಿಸುತ್ತಿಲ್ಲ. ಜೀವ ಪಣಕ್ಕಿಟ್ಟು ಕಾರ್ಟೆಲ್‌ಗಳನ್ನು ಎದುರಿಸಿದ ಕೊಲಂಬಿಯಾದ ಪೊಲೀಸರಿಗೆ ಈ ತೀರ್ಪಿನಿಂದ ಅನ್ಯಾಯವಾಯಿತು, ಅದು ನನಗೆ ನೋವಿನ ಸಂಗತಿ.

2002ರಲ್ಲಿ ಈ ಕಾನೂನು ಸಡಿಲವಾಯಿತು. ಈಗ ಸ್ಪಷ್ಟವಾಗಿ ಸೋತ ದೇಶಗಳನ್ನಷ್ಟೇ ಹೆಸರಿಸುತ್ತಾರೆ. 2025ರ ಸೆಪ್ಟೆಂಬರಿನಲ್ಲಿ ಕೊಲಂಬಿಯಾ ಮತ್ತೆ ಆ ಸಾಲಿಗೆ ಸೇರಿತು, ಆ ತೀರ್ಪಿನಿಂದ ನೆರವು ಮಾತ್ರ ನಿಲ್ಲಲಿಲ್ಲ. ಇದಕ್ಕಿಂತ ನ್ಯಾಯವಾದ ಏರ್ಪಾಡೊಂದು ಅಮೆರಿಕ ಖಂಡಗಳ ದೇಶಗಳ ಒಕ್ಕೂಟದಲ್ಲಿ 1999ರಿಂದಲೇ ಇದೆ. ಅಲ್ಲಿ ದೇಶಗಳು ಒಂದನ್ನೊಂದು ಪರಿಶೀಲಿಸುತ್ತವೆ, ಶಿಕ್ಷೆಯಿಲ್ಲ, ಅಮೆರಿಕವೂ ಉಳಿದವರಂತೆ ಪರಿಶೀಲನೆಗೆ ಒಳಪಡಬೇಕು.