ನೆರೆಯಿಂದ ಮೇಲೆತ್ತಿದ ಮನೆ: ಮಣ್ಣೋ, ಕಂಬವೋ?

ತಮಿಳುನಾಡಿನ ಮೆಟ್ಟೂರಿಗೂ ಕಡಲಿಗೂ ಬಹಳ ದೂರ. ಆದರೂ ಅಲ್ಲಿನ ಅಣೆಕಟ್ಟೆಯ ಕೆಳಗೆ ಕಾವೇರಿ ದಡದಲ್ಲಿ ಮನೆ ಕಟ್ಟುವವರಿಗೆ ಕರಾವಳಿಯವರ ಚಿಂತೆಯೇ: ಮನೆಯನ್ನು ಎಷ್ಟು ಎತ್ತರಿಸಬೇಕು, ಹೇಗೆ ಎತ್ತರಿಸಿದರೆ ಖರ್ಚು ಕಡಿಮೆ? 1934ರಲ್ಲಿ ಮುಗಿದ ಈ ಅಣೆಕಟ್ಟೆಯಲ್ಲಿ ನೀರು 120 ಅಡಿ ಮುಟ್ಟಿತೆಂದರೆ ಬಂದದ್ದನ್ನೆಲ್ಲ ಹೊರಬಿಡಲೇಬೇಕು. 2018ರ ಮತ್ತು 2022ರ ಆಗಸ್ಟ್‌ನಲ್ಲಿ ಸುಮಾರು 2 ಲಕ್ಷ ಕ್ಯುಸೆಕ್ ನೀರು ಹರಿದು ಭವಾನಿ, ಕುಮಾರಪಾಳ್ಯ, ಪಳ್ಳಿಪಾಳ್ಯಗಳಲ್ಲಿ ದಡದ ಮನೆಗಳಿಗೆ ನುಗ್ಗಿತು.

ಎತ್ತರಿಸುವ ದಾರಿ ಮುಖ್ಯವಾಗಿ ಎರಡು. ಸುತ್ತ ಕಲ್ಲುಗೋಡೆ ಕಟ್ಟಿ ಒಳಗೆ ಮಣ್ಣು ತುಂಬಿ ಧಮ್ಮಸ್ಸು ಮಾಡುವುದು ಒಂದು. ಕಾಂಕ್ರೀಟ್ ಕಂಬಗಳ ಮೇಲೆ ಬೀಮು, ಸ್ಲ್ಯಾಬು ಹಾಕಿ ಮನೆ ಕೂರಿಸುವುದು ಇನ್ನೊಂದು. ನೆಲ ಸಡಿಲವಿದ್ದರೆ ಕಂಬದ ಬುಡಕ್ಕೆ ಪೈಲ್ (ಆಳಕ್ಕೆ ಇಳಿಸುವ ಕಂಬ) ಬೇಕು. ಅದರ ಖರ್ಚು ಬೇರೆ.

‘ಮಣ್ಣು ಅಗ್ಗ, ಕಂಬ ದುಬಾರಿ’ ಎಂದು ಎಲ್ಲರೂ ಹೇಳುತ್ತಾರೆ. ಎಷ್ಟು ಎತ್ತರಕ್ಕೆ ಎಂದು ಕೇಳದೆ ಈ ಮಾತನ್ನು ಒಪ್ಪಬೇಡಿ. 30 ಅಡಿ ಅಗಲ, 40 ಅಡಿ ಉದ್ದದ ಮನೆಯನ್ನೇ ತೆಗೆದುಕೊಳ್ಳಿ. ಒಂದಡಿ ಎತ್ತರಿಸಲು 1,200 ಘನ ಅಡಿ, ಅಂದರೆ 12 ಯೂನಿಟ್ ಮಣ್ಣು ಬೇಕು. ಧಮ್ಮಸ್ಸು ಮಾಡಿದಾಗ ಕುಗ್ಗುವುದರಿಂದ ಲಾರಿಯಲ್ಲಿ ತರಿಸುವುದು ಇನ್ನೂ ಕಾಲು ಪಾಲು ಹೆಚ್ಚು. ಇಲ್ಲಿಯವರೆಗೆ ಸರಳ. ಜನ ಎಡವುವುದು ಗೋಡೆಯ ಲೆಕ್ಕದಲ್ಲಿ.

ತುಂಬಿದ ಮಣ್ಣು ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ಕೆಳಗೆ ಹೋದಷ್ಟೂ ಆ ಒತ್ತಡ ಹೆಚ್ಚು. ಹಾಗಾಗಿ ಎತ್ತರದ ಗೋಡೆಗೆ ಬುಡ ದಪ್ಪವಿರಬೇಕು, ಸುಮಾರಾಗಿ ಎತ್ತರದ ಅರ್ಧದಷ್ಟು. ಮೂರಡಿ ಗೋಡೆಗೆ ಒಂದೂವರೆ ಅಡಿ ದಪ್ಪ ಸಾಕು. ಸುತ್ತಳತೆ 140 ಅಡಿಗೆ ಆರು ಯೂನಿಟ್ ಚಿಲ್ಲರೆ ಕಲ್ಲುಕಟ್ಟಡ. ಆರಡಿಗೆ ಬುಡದಲ್ಲಿ ಮೂರಡಿ, ತಲೆಯಲ್ಲಿ ಒಂದೂವರೆ ಅಡಿ. ಒಟ್ಟು ಸುಮಾರು 19 ಯೂನಿಟ್. ಎತ್ತರ ಎರಡು ಪಟ್ಟಾದರೆ ಕಲ್ಲು ಮೂರು ಪಟ್ಟು!

ನನಗೆ ತುಂಬ ಹಿಡಿಸಿದ ಸಂಗತಿ ಇನ್ನೊಂದಿದೆ. ಇಂಥ ಗೋಡೆಗಳಿಗೆ ನೆರೆ ಏರುವಾಗಿನ ಅಪಾಯಕ್ಕಿಂತ ಇಳಿಯುವಾಗಿನದು ದೊಡ್ಡದು. ಏರುವಾಗ ಹೊರಗಿನ ನೀರೂ ಗೋಡೆಗೆ ಆಸರೆಯಾಗುತ್ತದೆ. ಮೆಟ್ಟೂರಿನಲ್ಲಿ ಗೇಟು ಇಳಿಸಿದರೆ ಹೊಳೆ ಬೇಗ ತಗ್ಗುತ್ತದೆ. ಒಳಗೆ ನೆನೆದ ಮಣ್ಣಿನ ನೀರು ಅಷ್ಟು ಬೇಗ ಬಸಿಯುವುದಿಲ್ಲ. ಆಗ ಮಣ್ಣೂ ನೀರೂ ಕೂಡಿ ತಳ್ಳುತ್ತವೆ, ಹೊರಗಿನ ಆಸರೆ ಇರುವುದಿಲ್ಲ. ಗೋಡೆಯ ಬುಡದಲ್ಲಿ ನೀರು ಬಸಿಯುವ ಪೈಪು, ಅದರ ಹಿಂದೆ ಜಲ್ಲಿ ಹಾಕಿಸಿ. ಅದಕ್ಕೆ ತಗಲುವ ಹಣ ತೀರ ಕಡಿಮೆ.

ಈಗ ಕಂಬ. ಅದೇ ಮನೆಗೆ ಒಂದಡಿ ಚೌಕದ 12 ಕಂಬಗಳೆಂದು ಇಟ್ಟುಕೊಳ್ಳಿ. ಒಂದಡಿ ಎತ್ತರ ಹೆಚ್ಚಿಸಿದರೆ ಸೇರುವ ಕಾಂಕ್ರೀಟು ಬರೀ 12 ಘನ ಅಡಿ! ಐದಿಂಚಿನ ಸ್ಲ್ಯಾಬಿಗೆ ಮಾತ್ರ 500 ಘನ ಅಡಿ ಬೇಕು. ಬೀಮು, ಕಬ್ಬಿಣ, ಸೆಂಟ್ರಿಂಗ್ ಬೇರೆ. ಮಣ್ಣು ತುಂಬಿದ ಮನೆಗೆ ಈ ಸ್ಲ್ಯಾಬಿನ ಖರ್ಚೇ ಇಲ್ಲ. ದುಬಾರಿ ಎನಿಸುವುದು ಈ ಮೊದಲ ಸ್ಲ್ಯಾಬಿನಿಂದ, ಎತ್ತರದಿಂದಲ್ಲ. ಎರಡನ್ನೂ ಹೋಲಿಸಿದರೆ ಸಾಮಾನ್ಯವಾಗಿ ಮೂರಡಿಯವರೆಗೆ ಮಣ್ಣೇ ಅಗ್ಗ. ಐದಡಿ ದಾಟಿದರೆ ಕಂಬ.

ರಭಸದ ನೀರಿರುವಲ್ಲಿ ಹಣವೊಂದನ್ನೇ ನೋಡಿದರೆ ಸಾಲದು. ತುಂಬಿದ ಪಾಯ ಹರಿವಿಗೆ ಅಡ್ಡ ನಿಲ್ಲುವುದರಿಂದ ನೀರು ಮೂಲೆಗಳಲ್ಲಿ ಸುಳಿದು ಮಣ್ಣು ಕೊರೆಯುತ್ತದೆ. ಕಂಬದ ಮನೆಯಾದರೆ ನೀರು ಕಂಬಗಳ ನಡುವೆ ಹಾದುಹೋಗುತ್ತದೆ. ಅಮೆರಿಕದ ನೆರೆ ವಿಮೆಯ ನಿಯಮದಲ್ಲಿ, ದೊಡ್ಡ ಅಲೆ ಬಡಿಯುವ ಕರಾವಳಿಯ ಹೊಸ ಮನೆಗೆ ತುಂಬಿದ ಮಣ್ಣಿನ ಆಧಾರ ಸಲ್ಲದು. ಆದರೆ ಕಂಬಗಳು ಪಕ್ಕಕ್ಕೆ ವಾಲದಂತೆ ನಡುವೆ ಅಡ್ಡ ಬಿಗಿ ಬೇಕೇ ಬೇಕು. 2001ರ ಗುಜರಾತ್ ಭೂಕಂಪದಲ್ಲಿ ಅಹಮದಾಬಾದಿನಲ್ಲಿ ಕೆಳಗೆ ಬರೀ ಕಂಬಗಳಿದ್ದ ಎಷ್ಟೋ ಕಟ್ಟಡಗಳು ಕುಸಿದವು.

ಈ ಲೆಕ್ಕವೆಲ್ಲ ನಿಂತಿರುವುದು ಒಂದೇ ಅಂಕಿಯ ಮೇಲೆ: ನಿಮ್ಮ ನಿವೇಶನದಲ್ಲಿ ನೀರು ಎಷ್ಟು ಎತ್ತರ ನಿಂತಿತ್ತು? ನದೀದಂಡೆಯ ಊರುಗಳಲ್ಲಿ ಓದುತ್ತಿರುವ ಸಿವಿಲ್ ವಿದ್ಯಾರ್ಥಿಗಳೇ, ಮುಂದಿನ ರಜೆಯಲ್ಲಿ ಟೇಪು ಹಿಡಿದು ಹೊರಡಿ. ಹಿರಿಯರು ತೋರಿಸುವ ಗುರುತುಗಳನ್ನು ಬೀದಿ ಬೀದಿಯಾಗಿ ಅಳೆದು, ವರ್ಷದ ಸಮೇತ ಬರೆದು ಪಂಚಾಯಿತಿಗೆ ಕೊಡಿ.