ಹಳೆಯ ಅರೆ-ಸ್ವಯಂಚಾಲಿತ ಪಿಸ್ತೂಲುಗಳ ಸ್ಪ್ರಿಂಗ್ ನಿರ್ವಹಣೆ

ಅರೆ-ಸ್ವಯಂಚಾಲಿತ ಪಿಸ್ತೂಲಿನಲ್ಲಿ ಗುಂಡು ಹಾರಿದ ನಂತರ ಚಲಿಸುವ ಭಾಗಗಳನ್ನು ಪುನಃ ಮೊದಲಿನ ಸ್ಥಾನಕ್ಕೆ ತರುವ ಕೆಲಸವನ್ನು ಉಕ್ಕಿನ ಸ್ಪ್ರಿಂಗ್‌ಗಳು ಮಾಡುತ್ತವೆ. ಪಿಸ್ತೂಲಿನ ನಳಿಗೆ, ಸ್ಲೈಡ್ ಮತ್ತು ಚೌಕಟ್ಟು ಸರಿಯಾದ ಆರೈಕೆಯಿದ್ದರೆ ಹಲವು ದಶಕಗಳ ಕಾಲ ಬಾಳುತ್ತವೆ. ಸ್ಪ್ರಿಂಗ್‌ಗಳು ಹಾಗಲ್ಲ. ಅವು ಬಳಕೆಯಿಂದ ಶಕ್ತಿ ಕಳೆದುಕೊಳ್ಳುವ, ಕಾಲಕಾಲಕ್ಕೆ ಬದಲಾಯಿಸಬೇಕಾದ ಭಾಗಗಳು. ಆಯುಧದ ಹೊರಮೈ ಎಷ್ಟೇ ಹೊಳೆಯುತ್ತಿದ್ದರೂ ಒಳಗಿನ ಸ್ಪ್ರಿಂಗ್ ದುರ್ಬಲವಾಗಿದ್ದರೆ ಅದು ಕೈಕೊಡಬಹುದು, ಕೆಲವೊಮ್ಮೆ ಅಪಾಯವನ್ನೂ ತರಬಹುದು.

ಕಾರ್ಯತತ್ತ್ವ

ಸ್ಪ್ರಿಂಗನ್ನು ಎಷ್ಟು ಅದುಮುತ್ತೇವೆಯೋ ಅದಕ್ಕೆ ಅನುಪಾತದಲ್ಲಿ ಅದು ಪ್ರತಿಬಲವನ್ನು ತೋರುತ್ತದೆ. ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 1678ರಲ್ಲಿ ವಿವರಿಸಿದ ಈ ನಿಯಮವು ಸ್ಥಿತಿಸ್ಥಾಪಕ ಮಿತಿಯೊಳಗೆ ಮಾತ್ರ ಅನ್ವಯಿಸುತ್ತದೆ. ಮಿತಿ ಮೀರಿ ಅದುಮಿದ ಸ್ಪ್ರಿಂಗ್ ಮೊದಲಿನ ಉದ್ದಕ್ಕೆ ಮರಳುವುದಿಲ್ಲ. ಮಿತಿಯೊಳಗೇ ಇದ್ದರೂ ಸಾವಿರಾರು ಬಾರಿ ಅದುಮಿ ಬಿಟ್ಟಾಗ ಲೋಹವು ದಣಿಯುತ್ತದೆ.

ಗುಂಡು ಹಾರಿದಾಗ ಉಂಟಾಗುವ ಹಿಮ್ಮೆಟ್ಟುವ ಬಲದಿಂದ ಸ್ಲೈಡ್ ಹಿಂದಕ್ಕೆ ಸರಿದು ಖಾಲಿ ತೋಟಾವನ್ನು ಹೊರಹಾಕುತ್ತದೆ. ಆಗ ಅದುಮಿಕೊಂಡ ಸ್ಪ್ರಿಂಗ್ ಸ್ಲೈಡನ್ನು ಮುಂದಕ್ಕೆ ತಳ್ಳುತ್ತದೆ. ಮುಂದಕ್ಕೆ ಸಾಗುವ ಸ್ಲೈಡ್ ಮ್ಯಾಗಜೀನಿನಿಂದ ಹೊಸ ತೋಟಾವನ್ನು ನಳಿಗೆಯೊಳಗೆ ಸೇರಿಸುತ್ತದೆ.

ಮುಖ್ಯ ಸ್ಪ್ರಿಂಗ್‌ಗಳು

ರಿಕಾಯಿಲ್ ಸ್ಪ್ರಿಂಗ್: ಸ್ಲೈಡಿನ ಹಿಂಚಲನೆಯನ್ನು ತಡೆದು ಅದನ್ನು ಮುಂದಕ್ಕೆ ತರುತ್ತದೆ. ಅಮೆರಿಕದ ಜಾನ್ ಬ್ರೌನಿಂಗ್ ರೂಪಿಸಿದ ಎಂ1911 ಪಿಸ್ತೂಲಿನಲ್ಲಿ ಇದು ನಳಿಗೆಯ ಕೆಳಗಿದೆ. ಬ್ರೌನಿಂಗ್ 1910 ಮತ್ತು 1929ರಲ್ಲಿ ಬಂದ ವಾಲ್ಥರ್ ಪಿಪಿ ಮಾದರಿಗಳಲ್ಲಿ ನಳಿಗೆಯ ಸುತ್ತಲೂ ಇದೆ. ವಾಲ್ಥರ್ ಪಿ38ರಲ್ಲಿ ಎರಡು ಪಕ್ಕಗಳಲ್ಲಿ ಎರಡು ಸಣ್ಣ ಸ್ಪ್ರಿಂಗ್‌ಗಳಿವೆ.

ಹ್ಯಾಮರ್ ಸ್ಪ್ರಿಂಗ್: ಫೈರಿಂಗ್ ಪಿನ್ನಿಗೆ ಹೊಡೆಯಲು ಹ್ಯಾಮರಿಗೆ ಬೇಕಾದ ಬಲವನ್ನು ಕೊಡುತ್ತದೆ.

ಫೈರಿಂಗ್ ಪಿನ್ ಸ್ಪ್ರಿಂಗ್: ಹೊಡೆತದ ನಂತರ ಪಿನ್ನನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ.

ಮ್ಯಾಗಜೀನ್ ಸ್ಪ್ರಿಂಗ್: ತೋಟಾಗಳನ್ನು ಒಂದಾದ ಮೇಲೊಂದರಂತೆ ಮೇಲಕ್ಕೆ ಒತ್ತುತ್ತದೆ.

ಇವಲ್ಲದೆ ಕೆಲವು ಪಿಸ್ತೂಲುಗಳಲ್ಲಿ ಸುರುಳಿಯ ಬದಲು ಚಪ್ಪಟೆ ಪಟ್ಟಿಯ ಸ್ಪ್ರಿಂಗ್‌ಗಳೂ ಇರುತ್ತವೆ. ಎಂ1911ರ ಟ್ರಿಗರ್ ವ್ಯವಸ್ಥೆಯಲ್ಲಿರುವ ಮೂರು ಎಸಳುಗಳ ಸ್ಪ್ರಿಂಗ್ ಇದಕ್ಕೆ ಉದಾಹರಣೆ.

ದುರ್ಬಲಗೊಂಡಾಗ ಕಾಣುವ ಲಕ್ಷಣಗಳು

ರಿಕಾಯಿಲ್ ಸ್ಪ್ರಿಂಗ್ ಸೋತಾಗ ಸ್ಲೈಡ್ ಚೌಕಟ್ಟಿಗೆ ಜೋರಾಗಿ ಬಡಿಯುತ್ತದೆ, ಖಾಲಿ ತೋಟಾಗಳು ವಾಡಿಕೆಗಿಂತ ದೂರ ಸಿಡಿಯುತ್ತವೆ, ಸ್ಲೈಡ್ ಪೂರ್ತಿ ಮುಚ್ಚದೆ ಉಳಿಯಬಹುದು. ಇದನ್ನು ನಿರ್ಲಕ್ಷಿಸಿದರೆ ಚೌಕಟ್ಟೇ ಬಿರುಕು ಬಿಡುವ ಸಂಭವವಿದೆ. ಮ್ಯಾಗಜೀನ್ ಸ್ಪ್ರಿಂಗ್ ಸೋತಾಗ ಕೊನೆಯ ತೋಟಾಗಳು ಸಕಾಲಕ್ಕೆ ಮೇಲೇರದೆ ಸಿಕ್ಕಿಕೊಳ್ಳುತ್ತವೆ. ಹ್ಯಾಮರ್ ಸ್ಪ್ರಿಂಗ್ ಸೋತರೆ ಹೊಡೆತ ಹಗುರವಾಗಿ ತೋಟಾ ಸಿಡಿಯುವುದಿಲ್ಲ. ಹೀಗಾದಾಗ ಪಿಸ್ತೂಲನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಕನಿಷ್ಠ 30 ಸೆಕೆಂಡು ಕಾಯಬೇಕು, ಏಕೆಂದರೆ ತೋಟಾ ತಡವಾಗಿ ಸಿಡಿಯಬಹುದು.

ಇವೆಲ್ಲಕ್ಕಿಂತ ಹೆಚ್ಚು ಅಪಾಯಕಾರಿಯಾದುದು ಫೈರಿಂಗ್ ಪಿನ್ ಸ್ಪ್ರಿಂಗಿನ ದೌರ್ಬಲ್ಯ. ಪಿನ್ನಿಗೆ ಪ್ರತ್ಯೇಕ ತಡೆಯಿಲ್ಲದ ಹಳೆಯ ಮಾದರಿಯ ಪಿಸ್ತೂಲು ತೋಟಾ ತುಂಬಿದ ಸ್ಥಿತಿಯಲ್ಲಿ ಕೆಳಗೆ ಬಿದ್ದರೆ, ಪಿನ್ನು ತನ್ನ ಭಾರದಿಂದಲೇ ಮುಂದಕ್ಕೆ ಚಿಮ್ಮಿ ಗುಂಡು ಹಾರಬಹುದು.

ಬದಲಾವಣೆಯ ಅವಧಿ ಮತ್ತು ಕ್ರಮ

ಪೂರ್ಣ ಗಾತ್ರದ ಪಿಸ್ತೂಲುಗಳ ರಿಕಾಯಿಲ್ ಸ್ಪ್ರಿಂಗನ್ನು 3,000ದಿಂದ 5,000 ಗುಂಡುಗಳಿಗೊಮ್ಮೆ ಬದಲಾಯಿಸಬೇಕೆಂಬುದು ಸಾಮಾನ್ಯ ಸಲಹೆ. ಚಿಕ್ಕ ಪಿಸ್ತೂಲುಗಳಲ್ಲಿ ಸ್ಪ್ರಿಂಗ್ ಹೆಚ್ಚು ಬಿಗಿಯಾಗಿ ಅದುಮಿಕೊಳ್ಳುವುದರಿಂದ ಈ ಅವಧಿ ಇನ್ನೂ ಕಡಿಮೆ. ಭಾರತದಲ್ಲಿ ಪರವಾನಗಿದಾರರು ಹೊಂದಬಹುದಾದ ತೋಟಾಗಳಿಗೆ ಮಿತಿಯಿರುವುದರಿಂದ ಅನೇಕ ಪಿಸ್ತೂಲುಗಳು ಈ ಎಣಿಕೆಯನ್ನು ಎಂದೂ ತಲುಪುವುದಿಲ್ಲ. ಅಂಥವುಗಳಲ್ಲಿ ತುಕ್ಕು ಮತ್ತು ಆಯುಧದ ಹಿಂದಿನ ಬಳಕೆಯ ವಿವರ ತಿಳಿಯದಿರುವುದು ಮುಖ್ಯ ಸಮಸ್ಯೆಗಳು. ಹಿರಿಯರಿಂದ ಬಂದ ಪಿಸ್ತೂಲಿನ ಎಲ್ಲ ಸ್ಪ್ರಿಂಗ್‌ಗಳನ್ನೂ ಒಮ್ಮೆ ಪರೀಕ್ಷಿಸಿ, ಸಂದೇಹವಿದ್ದರೆ ಬದಲಾಯಿಸುವುದು ಉಚಿತ.

ಹಳೆಯ ಸ್ಪ್ರಿಂಗನ್ನು ಅದೇ ಮಾದರಿಯ ಹೊಸದರ ಪಕ್ಕದಲ್ಲಿಟ್ಟು ಉದ್ದವನ್ನು ಹೋಲಿಸುವುದು ಸುಲಭವಾದ ಪರೀಕ್ಷೆ. ಹಳೆಯದು ಗಮನಾರ್ಹವಾಗಿ ಗಿಡ್ಡವಾಗಿದ್ದರೆ, ಬಾಗಿದ್ದರೆ ಅಥವಾ ತುಕ್ಕಿನ ಕುಳಿಗಳಿದ್ದರೆ ಅದನ್ನು ಬಳಸಬಾರದು. ಸ್ಪ್ರಿಂಗನ್ನು ಎಳೆದು ಉದ್ದ ಮಾಡಿದರೆ ಉದ್ದ ಮರಳೀತೇ ಹೊರತು ಶಕ್ತಿ ಮರಳುವುದಿಲ್ಲ.

ಹೊಸ ಸ್ಪ್ರಿಂಗ್ ತಯಾರಕರು ಸೂಚಿಸಿದ ಬಲದ್ದೇ ಆಗಿರಬೇಕು. ಎಂ1911ರ ರಿಕಾಯಿಲ್ ಸ್ಪ್ರಿಂಗಿನ ಸಾಮಾನ್ಯ ಬಲ 16 ಪೌಂಡು, ಅಂದರೆ ಸುಮಾರು 7.3 ಕಿಲೋಗ್ರಾಂ ತೂಕಕ್ಕೆ ಸಮ. ಹೆಚ್ಚು ಬಿಗಿಯಾದ ಸ್ಪ್ರಿಂಗ್ ಹಾಕಿದರೆ ಸ್ಲೈಡ್ ಸಾಕಷ್ಟು ಹಿಂದೆ ಸರಿಯದೆ ಖಾಲಿ ತೋಟಾ ಸಿಕ್ಕಿಕೊಳ್ಳುತ್ತದೆ.

ತುಂಬಿಸಿಟ್ಟ ಮ್ಯಾಗಜೀನಿನ ಸ್ಪ್ರಿಂಗ್ ಬೇಗ ಸೋಲುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಉತ್ತಮ ಉಕ್ಕಿನ ಸ್ಪ್ರಿಂಗ್ ವಿನ್ಯಾಸದ ಮಿತಿಯೊಳಗೆ ಅದುಮಿಕೊಂಡೇ ಇದ್ದರೆ ಆಗುವ ಹಾನಿ ಅಲ್ಪ. ಪದೇ ಪದೇ ತುಂಬಿ ಖಾಲಿ ಮಾಡುವುದರಿಂದಲೇ ಅದು ಹೆಚ್ಚು ದಣಿಯುತ್ತದೆ.

ಭಾರತದಲ್ಲಿ ಕಾನೂನು

ಆಯುಧ ಕಾಯ್ದೆ 1959ರ 5ನೆಯ ಸೆಕ್ಷನ್ ಪ್ರಕಾರ ಬಂದೂಕು, ಪಿಸ್ತೂಲುಗಳ ತಯಾರಿಕೆ ಮತ್ತು ಮಾರಾಟಕ್ಕಷ್ಟೇ ಅಲ್ಲದೆ ದುರಸ್ತಿಗೂ ಪರವಾನಗಿ ಬೇಕು. ಆಯುಧಗಳ ಬಿಡಿಭಾಗಗಳೂ ಕಾಯ್ದೆಯಲ್ಲಿ 'ಆಯುಧ' ಎಂಬ ಪದದ ವ್ಯಾಖ್ಯೆಯೊಳಗೆ ಬರುತ್ತವೆ. ಆದ್ದರಿಂದ ಯಾವುದೋ ವರ್ಕ್‌ಶಾಪಿನಲ್ಲಿ ತಂತಿ ಸುತ್ತಿಸಿ ಸ್ಪ್ರಿಂಗ್ ಮಾಡಿಸಿಕೊಳ್ಳುವುದು ತಾಂತ್ರಿಕವಾಗಿ ಅಪಾಯಕರವಾಗಿರುವಂತೆ ಕಾನೂನಿನ ದೃಷ್ಟಿಯಿಂದಲೂ ಸರಿಯಲ್ಲ. ಮಾಲೀಕರು ಶುಚಿಗೊಳಿಸುವಿಕೆ ಮತ್ತು ಎಣ್ಣೆ ಹಚ್ಚುವಿಕೆಗೆ ಸೀಮಿತವಾಗಿದ್ದು, ಸ್ಪ್ರಿಂಗ್ ಬದಲಾವಣೆಯನ್ನು ಪರವಾನಗಿ ಹೊಂದಿದ ಆಯುಧ ವ್ಯಾಪಾರಿ ಅಥವಾ ದುರಸ್ತಿಗಾರರಿಗೆ ಒಪ್ಪಿಸಬೇಕು. 2019ರ ತಿದ್ದುಪಡಿಯ ನಂತರ ಒಬ್ಬ ವ್ಯಕ್ತಿ ಸಾಮಾನ್ಯವಾಗಿ 2 ಆಯುಧಗಳನ್ನು ಮಾತ್ರ ಹೊಂದಬಹುದು. ಪರವಾನಗಿಯ ಅವಧಿ 5 ವರ್ಷ.

ಕರ್ನಾಟಕದಲ್ಲಿ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಮೊದಲಾದ ಬಡಾವಣೆಗಳೂ ಸೇರಿದಂತೆ ಬೆಂಗಳೂರು ನಗರದಲ್ಲಿ ಪೊಲೀಸ್ ಆಯುಕ್ತರು ಆಯುಧ ಪರವಾನಗಿ ನೀಡುವ ಅಧಿಕಾರಿ. ಚುನಾವಣೆಗಳ ಸಂದರ್ಭದಲ್ಲಿ ಪರವಾನಗಿ ಆಯುಧಗಳನ್ನು ಠಾಣೆಯಲ್ಲಿ ಠೇವಣಿ ಇಡುವಂತೆ ಆದೇಶವಾಗುವುದುಂಟು. ವಾರಗಟ್ಟಲೆ ಆರೈಕೆಯಿಲ್ಲದೆ ಉಳಿದ ಪಿಸ್ತೂಲನ್ನು ಮರಳಿ ಪಡೆದಾಗ ತೇವ ಮತ್ತು ತುಕ್ಕಿಗಾಗಿ ಪರೀಕ್ಷಿಸುವುದು ಅಗತ್ಯ. ಮಲೆನಾಡು ಮತ್ತು ಕೊಡಗಿನ ಮಳೆಗಾಲದಲ್ಲಿ ಈ ಎಚ್ಚರಿಕೆ ಇನ್ನೂ ಹೆಚ್ಚು ಬೇಕು.

ಕೊಡಗಿನ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗಳಿಗೂ, ಆಯುಧಪೂಜೆಯಂದು ರಾಜ್ಯದ ಪೊಲೀಸ್ ಠಾಣೆಗಳಲ್ಲಿರುವ ಆಯುಧಗಳಿಗೂ ಪೂಜೆ ಸಲ್ಲುತ್ತದೆ. ಪೂಜೆಗೆ ಮೊದಲು ಆಯುಧವನ್ನು ಖಾಲಿ ಮಾಡಿ ಒರೆಸಿ ಶುಚಿಗೊಳಿಸುವ ಈ ವಾಡಿಕೆಯು ವರ್ಷಕ್ಕೊಮ್ಮೆ ಸ್ಪ್ರಿಂಗ್‌ಗಳನ್ನು ತಪಾಸಣೆ ಮಾಡಿಸಲು ಸೂಕ್ತ ಸಂದರ್ಭವೂ ಆಗಿದೆ.