ಖಾತೆಗೆ ಮುನ್ನ ಘಟನೆ: ಸಣ್ಣ ಉದ್ಯಮಗಳ ಮಾಹಿತಿ ವ್ಯವಸ್ಥೆಯ ವಿನ್ಯಾಸ

ಯಂತ್ರಭಾಗಗಳನ್ನು ತಯಾರಿಸುವ ಒಂದು ಸಣ್ಣ ಘಟಕವು 1,000 ಬಿಡಿಭಾಗಗಳನ್ನು ಪ್ಲೇಟಿಂಗ್‌ಗಾಗಿ ಜಾಬ್ ವರ್ಕ್‌ಗೆ ಕಳುಹಿಸುತ್ತದೆ ಎಂದು ಭಾವಿಸಬಹುದು. ಅಂದು ಡೆಲಿವರಿ ಚಲನ್ ಸಿದ್ಧವಾಗುತ್ತದೆ. ಲೆಡ್ಜರಿನಲ್ಲಿ ಮಾತ್ರ ಯಾವ ನಮೂದೂ ಆಗುವುದಿಲ್ಲ. ಮಾಲಿನ ಒಡೆತನ ಬದಲಾಗಿಲ್ಲ, ಹಣವೂ ಕೈ ಬದಲಾಗಿಲ್ಲ. ಕೆಲವು ವಾರಗಳ ತರುವಾಯ 960 ಭಾಗಗಳು ಸಿದ್ಧವಾಗಿಯೂ 25 ಭಾಗಗಳು ತಿರಸ್ಕೃತವಾಗಿಯೂ ಮರಳುತ್ತವೆ. ಪ್ರತಿ ಭಾಗಕ್ಕೆ 12 ರೂ. ದರದಲ್ಲಿ 11,520 ರೂ.ಗಳ ಬಿಲ್ಲು ಬಂದಾಗಲೇ ಲೆಕ್ಕದ ಪುಸ್ತಕ ಎಚ್ಚೆತ್ತುಕೊಳ್ಳುವುದು. ಉಳಿದ 15 ಭಾಗಗಳು ಎಲ್ಲಿವೆ ಎಂಬ ಪ್ರಶ್ನೆಗೆ ಆ ಪುಸ್ತಕದಲ್ಲಿ ಉತ್ತರವಿಲ್ಲ.

ಈ ಮೌನಕ್ಕೆ ಬೆಲೆ ತೆರಬೇಕಾಗುತ್ತದೆ. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 143ನೆಯ ಕಲಮಿನ ಪ್ರಕಾರ, ಜಾಬ್ ವರ್ಕ್‌ಗೆ ಹೋದ ಕಚ್ಚಾ ಸಾಮಗ್ರಿ ಒಂದು ವರ್ಷದೊಳಗೆ, ಬಂಡವಾಳ ಸರಕು ಮೂರು ವರ್ಷದೊಳಗೆ ಮರಳಬೇಕು, ಇಲ್ಲವೇ ಜಾಬ್ ವರ್ಕರ್‌ನ ಸ್ಥಳದಿಂದಲೇ ನಿಯಮಾನುಸಾರ ವಿಲೇವಾರಿಯಾಗಬೇಕು. ಹಾಗಾಗದಿದ್ದರೆ ಅದನ್ನು ಕಳುಹಿಸಿದ ದಿನವೇ ಪೂರೈಕೆ ಮಾಡಿದಂತೆ ಪರಿಗಣಿಸಲಾಗುತ್ತದೆ. ತೆರಿಗೆಯ ಜೊತೆಗೆ ಬಡ್ಡಿಯ ಹೊರೆಯೂ ಬೀಳುತ್ತದೆ. ಅಚ್ಚು, ಡೈ, ಜಿಗ್, ಫಿಕ್ಸ್ಚರ್ ಹಾಗೂ ಉಪಕರಣಗಳಿಗೆ ಈ ಅವಧಿ ಅನ್ವಯಿಸದು. ಅಂದರೆ ಕಾನೂನು ನೋಡುವುದು ಖಾತೆಯ ಬಾಕಿಯನ್ನಲ್ಲ. ಯಾವ ದಿನ, ಯಾವ ವಸ್ತು, ಯಾರ ಕೈಗೆ ಹೋಯಿತು ಎಂಬ ಘಟನೆಯನ್ನು.

ಮಾಹಿತಿ ವ್ಯವಸ್ಥೆಯನ್ನು ಖಾತೆಗಳ ಬದಲು ಘಟನೆಗಳ ಮೇಲೆ ಕಟ್ಟಬೇಕೆಂಬ ವಿಚಾರ ಲೆಕ್ಕಶಾಸ್ತ್ರಕ್ಕೆ ಹೊಸದಲ್ಲ. 1494ರಲ್ಲಿ ವೆನಿಸ್‌ನಲ್ಲಿ ಪ್ರಕಟವಾದ ಲೂಕಾ ಪಾಚೋಲಿಯ ಗ್ರಂಥವು ವರ್ತಕನಿಗೆ ಮೂರು ಪುಸ್ತಕಗಳನ್ನು ವಿಧಿಸಿತ್ತು. ಮೊದಲನೆಯದು, ನಡೆದ ವ್ಯವಹಾರವನ್ನು ನಡೆದಂತೆಯೇ ವಿವರವಾಗಿ ಬರೆದಿಡುವ ಕಚ್ಚಾ ಪುಸ್ತಕ. ಜರ್ನಲ್ ಮತ್ತು ಲೆಡ್ಜರ್ ಆಮೇಲಿನವು. ಕಾಲಕ್ರಮದಲ್ಲಿ ಕಚ್ಚಾ ಪುಸ್ತಕ ಹಿಂದೆ ಸರಿದು ಪಕ್ಕಾ ಪುಸ್ತಕವೇ ಸರ್ವಸ್ವವಾಯಿತು. ಕೈಬರಹದ ಯುಗದಲ್ಲಿ ಅದು ಅನಿವಾರ್ಯವೂ ಆಗಿತ್ತೆನ್ನಬೇಕು. ಎಲ್ಲ ವಿವರವನ್ನೂ ಹೊತ್ತು ತಿರುಗಲು ಸಾಧ್ಯವಿರಲಿಲ್ಲ, ಮೊತ್ತ ಮಾತ್ರ ಮುಂದಕ್ಕೆ ಹೋಗುತ್ತಿತ್ತು.

1969ರಲ್ಲಿ ಅಮೆರಿಕದ ಜಾರ್ಜ್ ಸಾರ್ಟರ್ ಈ ಕ್ರಮವನ್ನು ಪ್ರಶ್ನಿಸಿದರು. ಮೊತ್ತಗಳನ್ನಷ್ಟೇ ಕೊಡುವ ಬದಲು ಘಟನೆಗಳ ವಿವರವನ್ನೇ ಉಳಿಸಿಕೊಟ್ಟರೆ, ಬಳಸುವವರು ತಮಗೆ ಬೇಕಾದಂತೆ ಕೂಡಿಸಿಕೊಳ್ಳಬಹುದೆಂಬುದು ಅವರ ವಾದ. 1982ರಲ್ಲಿ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ವಿಲಿಯಂ ಮೆಕಾರ್ಥಿ ಇದಕ್ಕೆ ಡೇಟಾಬೇಸ್‌ನ ರೂಪ ಕೊಟ್ಟರು. ಸಂಪನ್ಮೂಲ, ಘಟನೆ, ಪಾತ್ರಧಾರಿ ಎಂಬ ಮೂರು ಅಂಶಗಳ ಆ ಮಾದರಿ ಇಂಗ್ಲಿಷ್ ಅಕ್ಷರಗಳಲ್ಲಿ ಆರ್‌ಇಎ ಎಂದು ಹೆಸರಾಗಿದೆ. ಏನು ಹೋಯಿತು ಅಥವಾ ಬಂದಿತು, ಯಾವಾಗ, ಯಾರಿಂದ ಯಾರಿಗೆ ಎಂಬುದೇ ಇಲ್ಲಿ ಮೂಲ ದಾಖಲೆ. ಪ್ರತಿಯೊಂದು ಹೊರಹೋಗುವಿಕೆಗೂ ಒಂದು ಒಳಬರುವಿಕೆ ಜೋಡಿಯಾಗಬೇಕು. ಮಾಲಿಗೆ ಹಣ, ಹಣಕ್ಕೆ ದುಡಿಮೆ. ಜೋಡಿ ಸಿಗದೆ ಉಳಿದದ್ದೇ ಬಾಕಿ. ಹೀಗಾಗಿ ಬಾಕಿಯನ್ನು ಪ್ರತ್ಯೇಕವಾಗಿ ಬರೆದಿಡಬೇಕಾಗಿಲ್ಲ, ಬೇಕಾದಾಗ ಲೆಕ್ಕಹಾಕಿ ಪಡೆಯಬಹುದು. ಡೆಬಿಟ್ ಮತ್ತು ಕ್ರೆಡಿಟ್ ಕೂಡ ಮೂಲ ದಾಖಲೆಯಲ್ಲಿ ಇರಬೇಕಾಗಿಲ್ಲವೆಂದು ಮೆಕಾರ್ಥಿ ಹೇಳಿದಾಗ ಲೆಕ್ಕಿಗರಿಗೆ ಅದು ರುಚಿಸದೇ ಹೋದರೆ ಆಶ್ಚರ್ಯವಿಲ್ಲ. ಸಣ್ಣ ಘಟಕಗಳು ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಬ್ಯಾಂಕಿಗೂ ತೆರಿಗೆ ಇಲಾಖೆಗೂ ಬೇಕಾಗುವುದು ಲಾಭ-ನಷ್ಟದ ಪಟ್ಟಿ ಮತ್ತು ಅಢಾವೆ ಪತ್ರಿಕೆಯೇ.

ಪ್ಲೇಟಿಂಗ್ ಉದಾಹರಣೆಗೆ ಇದನ್ನು ಅನ್ವಯಿಸಿದರೆ ಕಳುಹಿಸಿದ್ದು, ಮರಳಿ ಬಂದದ್ದು, ಬಿಲ್ಲು, ಪಾವತಿ ಎಂಬ ನಾಲ್ಕು ಬೇರೆ ಬೇರೆ ಘಟನೆಗಳು ಕಾಣುತ್ತವೆ. ಮರಳಿ ಬಂದ ಪ್ರತಿ ಕಂತೂ ಯಾವ ಚಲನ್‌ಗೆ ಸೇರಿದ್ದೆಂದು ಜೋಡಿಸಿಡುವುದೇ ಇಲ್ಲಿನ ಮುಖ್ಯ ಕೆಲಸ. ಒಂದು ಚಲನ್ ಮೂರು ಕಂತುಗಳಲ್ಲಿ ಮರಳಬಹುದು. ಒಂದೇ ಕಂತಿನಲ್ಲಿ ಎರಡು ಚಲನ್‌ಗಳ ಮಾಲು ಬೆರೆತಿರಬಹುದು. ತಂತ್ರಾಂಶದಲ್ಲಿ ಚಲನ್ ಒಂದಕ್ಕೆ ಒಂದೇ ‘ಮರಳಿದ ದಿನಾಂಕ’ದ ಅಂಕಣವಿದ್ದರೆ ವಿನ್ಯಾಸ ಅಲ್ಲಿಯೇ ಸೋತಂತೆ. ತಂತ್ರಾಂಶ ಮಾರಲು ಬರುವವರು ಮೊದಲು ಬಣ್ಣದ ವರದಿಗಳನ್ನು ತೋರಿಸುತ್ತಾರೆ. ಖರೀದಿಸುವವರು ಮೊದಲು ಕೇಳಬೇಕಾದದ್ದು ಈ ಜೋಡಣೆಯ ಬಗ್ಗೆ.

ಮಾರಾಟದ ಕಡೆಗೂ ಇದೇ ಮಾತು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯು ಸೂಕ್ಷ್ಮ ಮತ್ತು ಸಣ್ಣ ಪೂರೈಕೆದಾರರಿಗೆ, ಒಪ್ಪಂದದಲ್ಲಿ ಏನೇ ಬರೆದಿದ್ದರೂ, ಗರಿಷ್ಠ 45 ದಿನಗಳಲ್ಲಿ ಹಣ ಸಲ್ಲಬೇಕೆನ್ನುತ್ತದೆ. ಆ ದಿನಗಳ ಎಣಿಕೆ ಬಿಲ್ಲಿನ ದಿನಾಂಕದಿಂದಲ್ಲ, ಮಾಲು ಸ್ವೀಕೃತವಾದ ದಿನದಿಂದ. ಮಾಲು ತಲುಪಿದ 15 ದಿನಗಳೊಳಗೆ ಖರೀದಿದಾರರು ಲಿಖಿತ ಆಕ್ಷೇಪ ಸಲ್ಲಿಸಿದರೆ, ಪೂರೈಕೆದಾರರು ಅದನ್ನು ನಿವಾರಿಸಿದ ದಿನವೇ ಸ್ವೀಕಾರದ ದಿನವಾಗುತ್ತದೆ. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಇಷ್ಟು ಬಲವಾದ ಹಕ್ಕಿದ್ದರೂ, ತಲುಪಿದ ದಿನ ಮತ್ತು ಆಕ್ಷೇಪದ ದಿನ ಎರಡೂ ದಾಖಲಾಗಿರದಿದ್ದರೆ ಕೇಳುವ ಬಾಯಿಗೆ ಆಧಾರವಿರುವುದಿಲ್ಲ. 2021ರ ಆದೇಶದಂತೆ ಉದ್ಯಮ್ ನೋಂದಣಿ ಪಡೆದ ವರ್ತಕರಿಗೆ ದೊರೆತದ್ದು ಆದ್ಯತಾ ವಲಯದ ಸಾಲದ ಸೌಲಭ್ಯ ಮಾತ್ರ, ಈ ರಕ್ಷಣೆಯಲ್ಲ ಎಂಬುದನ್ನೂ ಇಲ್ಲಿ ಗಮನಿಸಬೇಕು.

ನಡೆದ ಘಟನೆಯನ್ನು ಅಳಿಸುವಂತಿಲ್ಲ ಎಂಬುದು ಈ ಮಾದರಿಗೆ ಹೊಂದುವ ಇನ್ನೊಂದು ಶಿಸ್ತು. 100ರ ಬದಲು 1,000 ಎಂದು ನಮೂದಾಗಿದ್ದರೆ ತಿದ್ದುಪಡಿಯೂ ಒಂದು ಹೊಸ ನಮೂದಾಗಿ ಸೇರಬೇಕು. ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ಬದಲಾವಣೆಯ ಜಾಡು ಉಳಿಯಬೇಕೆಂದು 2023ರ ಏಪ್ರಿಲ್ 1ರಿಂದ ಕಡ್ಡಾಯವಾಗಿದೆ. ಪಾಲುದಾರಿಕೆ ಸಂಸ್ಥೆಗಳಿಗೂ ಒಡೆತನದ ಅಂಗಡಿಗಳಿಗೂ ಆ ನಿಯಮ ಅನ್ವಯಿಸದಿದ್ದರೂ ಪದ್ಧತಿ ಒಳ್ಳೆಯದೇ.

ಆರಂಭಕ್ಕೆ ದುಬಾರಿ ತಂತ್ರಾಂಶ ಬೇಕಿಲ್ಲ, ಎಕ್ಸೆಲ್‌ನಲ್ಲಿ ಎರಡು ಹಾಳೆಗಳು ಸಾಕು. ಒಂದರಲ್ಲಿ ಹೋದದ್ದು, ಇನ್ನೊಂದರಲ್ಲಿ ಚಲನ್ ಸಂಖ್ಯೆಯೊಡನೆ ಬಂದದ್ದು. ಕಷ್ಟವಿರುವುದು ಮೊದಲ ದಿನದ ಬಾಕಿಯಲ್ಲಿ. ಅದಕ್ಕಾಗಿ ಪ್ರತಿ ಜಾಬ್ ವರ್ಕರ್‌ನಿಂದ, ತಮ್ಮಲ್ಲಿರುವ ಮಾಲಿನ ಎಣಿಕೆಯನ್ನು ಚಲನ್‌ವಾರು ತಿಳಿಸುವ ಸಹಿ ಮಾಡಿದ ಪತ್ರವನ್ನು ತರಿಸಿಕೊಳ್ಳಬೇಕು. ಹನ್ನೊಂದು ತಿಂಗಳು ದಾಟಿದ ಚಲನ್‌ಗಳನ್ನು ಮೊದಲು ಕೈಗೆತ್ತಿಕೊಳ್ಳುವುದು ಲೇಸು.